ನೋಡಿ ಹೇಳುವವರು

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮೇಡಂ ಬಾಯಿಂದ 'ಆಯಿತು' ಎಂಬ ಮಾತು ಹೊರಟದ್ದನ್ನು, ಅದೇ ಕಟ್ಟಡದ ದಾಖಲೆ ಕೋಣೆಯಲ್ಲಿ ಹದಿನಾರು ವರ್ಷ ದುಡಿದ ನಾನು ಒಮ್ಮೆಯೂ ಕೇಳಿದವನಲ್ಲ. ಏನು ಕೇಳಿದರೂ 'ನೋಡಿ ಹೇಳ್ತೀನಿ' ಎನ್ನುವರು. ಸರ್ವರ್ ಕೋಣೆಯ ಶೀತಕ್ಕೆಂದು ತೊಟ್ಟ ಕಂದು ಸ್ವೆಟರನ್ನು ಬಿರುಬೇಸಿಗೆಯಲ್ಲೂ ಕಳಚದೆ, ಜೋತುಬಿದ್ದ ಅದರ ಜೇಬುಗಳಲ್ಲಿ ಎರಡೂ ಕೈ ಇಳಿಬಿಟ್ಟು, ಎದುರುಗಾಳಿಯಲ್ಲಿ ನಡೆಯುವವರಂತೆ ತುಸು ಮುಂದಕ್ಕೆ ಬಾಗಿ ಕಾರಿಡಾರಿನಲ್ಲಿ ಸಾಗುವ ಅವರನ್ನು ಕಂಡು ದಾದಿಯರು ಮುಸಿಮುಸಿ ನಗುತ್ತಿದ್ದರು. ಮದುವೆಗೆ ಒಪ್ಪಿಗೆ ಕೇಳಿದಾಗಲೂ ಇದೇ ಉತ್ತರ ಬಂತೆಂದೂ, ನೋಡಿ ಮುಗಿಯಲು ಎಂಟು ತಿಂಗಳು ಹಿಡಿಯಿತೆಂದೂ ಅವರ ಯಜಮಾನರು ನನ್ನೆದುರು ದೂರಿದ್ದುಂಟು.

ಒಂದು ವರ್ಷ, ರೋಗಿಗಳ ದಾಖಲೆಗಳಿದ್ದ ಹಳೆಯ ಡಿಸ್ಕು ಅಲ್ಲಲ್ಲಿ ತಡವರಿಸತೊಡಗಿತು. ಅದರ ಲಾಜಿಕಲ್ ವಾಲ್ಯೂಮಿನಲ್ಲಿ, ಎಂದರೆ ಕಡತಗಳಿಗೆಂದು ಡಿಸ್ಕಿನಲ್ಲಿ ವಿಂಗಡಿಸಿಟ್ಟ ಜಾಗದಲ್ಲಿ, ಇದ್ದ ಅಷ್ಟೂ ಕಡತಗಳನ್ನು ಹೊಸ ಡಿಸ್ಕಿನಲ್ಲಿ ಸಿದ್ಧಪಡಿಸಿದ ಇನ್ನೊಂದು ವಾಲ್ಯೂಮಿಗೆ ಸಾಗಿಸಬೇಕಿತ್ತು. ಬರಿಯ ಕಡತ ಹೋದರೆ ಸಾಲದು. ಅದು ಯಾರದು, ಯಾರು ಓದಬಹುದು, ಯಾರು ತಿದ್ದಬಹುದು, ಯಾವಾಗ ಬರೆದದ್ದು, ಎಲ್ಲವೂ ಯಥಾವತ್ತಾಗಿ ಜೊತೆಗೇ ಹೋಗಬೇಕು. ಒಂದು ಭಾನುವಾರ ಬೆಳಿಗ್ಗೆ, ಯಾರೂ ಏನನ್ನೂ ಬದಲಿಸಲಾಗದಂತೆ ಹಳೆಯದನ್ನು ಓದಲಷ್ಟೇ ತೆರೆದಿಟ್ಟು, ಮೇಡಂ ಪ್ರತಿ ತೆಗೆಯತೊಡಗಿದರು. ಕೆಲಸ ಮುಗಿಯುವವರೆಗೆ ಬರೆದುಕೊಳ್ಳಲೆಂದು ವಾರ್ಡುಗಳಿಗೆ ಕಾಗದ ಹಂಚುವುದು ನನ್ನ ಪಾಲಿಗೆ ಬಂತು.

ಮಧ್ಯಾಹ್ನ ಎರಡಕ್ಕೆ ಪ್ರತಿ ಮುಗಿಯಿತು. ವಾರ್ಡಿನವರ ಫೋನುಗಳಿಂದ ಬೇಸತ್ತ ಅಧೀಕ್ಷಕರು ಸ್ವತಃ ಬಂದು ನಿಂತರು.

"ಕಾಪಿ ಆಗಿದೆಯಲ್ಲಮ್ಮ, ಇನ್ನು ಶುರು ಮಾಡಿ."

"ಆಗಿದೆ ಅಂತ ಕಂಪ್ಯೂಟರ್ ಹೇಳ್ತಿದೆ ಸರ್. ನಾನಿನ್ನೂ ನೋಡಿಲ್ಲ."

ಮೇಲಿನವರಿಗೆ ಬರೆಯುತ್ತೇನೆಂದು ಅವರು ಗುಡುಗಿದರೆ, ಮೇಡಂ ಬಿಳಿ ಹಾಳೆಯೊಂದನ್ನು ಅವರತ್ತ ಸರಿಸಿ, ಹಳತು ಹೊಸತುಗಳನ್ನು ಒಂದೊಂದಾಗಿ ಹೋಲಿಸುತ್ತ ಕೂತರು. ಸಂಜೆ ಐದಕ್ಕೆ, ನಾಲ್ಕು ಲಕ್ಷದಲ್ಲಿ ಹನ್ನೊಂದು ಕಡತ ಅರೆಬರೆಯಾಗಿ ಬಂದಿರುವುದು ತಿಳಿಯಿತು. ನಾಲ್ಕು ಲಕ್ಷದಲ್ಲಿ ಹನ್ನೊಂದು ಯಾವ ಲೆಕ್ಕ ಎಂದು ಅಧೀಕ್ಷಕರು ಕೇಳಿದರು. ಕಡತಗಳ ಮೇಲಿದ್ದ ರೋಗಿಗಳ ಸಂಖ್ಯೆಯನ್ನು ನಾನು ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಪಟ್ಟಿಯೊಡನೆ ತಾಳೆ ನೋಡಿದ್ದೆ.

"ಇದರಲ್ಲೊಬ್ಬರಿಗೆ ನಾಳೆ ಆಪರೇಷನ್ ಸರ್," ಎಂದರು ಮೇಡಂ. "ಅವರಿಗೆ ಯಾವ ಔಷಧಿ ಒಗ್ಗಲ್ಲ ಅಂತ ಬರೆದ ಜಾಗಾನೇ ಖಾಲಿ ಬಂದಿದೆ."

ಅಧೀಕ್ಷಕರು ಕುರ್ಚಿ ಎಳೆದುಕೊಂಡು ಕೂತರು.

ಹಳೆಯ ಡಿಸ್ಕಿನಲ್ಲಿ ಆ ಭಾಗಗಳೇ ಓದಲಾಗದಂತೆ ಕೆಟ್ಟಿದ್ದವು. ಹಿಂದಿನ ವಾರ ಬ್ಯಾಕಪ್ಪಿಗೆಂದು ತೆಗೆದಿಟ್ಟ ಟೇಪಿನಿಂದ ಹತ್ತು ಕಡತ ದಕ್ಕಿದವು. ಹನ್ನೊಂದನೆಯದು, ಟೇಪು ತೆಗೆದ ಮೇಲೆ ದಾಖಲಾಗಿದ್ದ, ಮರುದಿನ ಆಪರೇಷನ್ ಆಗಬೇಕಿದ್ದ ವೃದ್ಧೆಯದೇ. ಮೇಡಂ ವೈದ್ಯರನ್ನು ಕರೆದುಕೊಂಡು ವಾರ್ಡಿಗೆ ಹೋಗಿ, ಆಕೆಯ ಹಾಸಿಗೆಯಂಚಿನಲ್ಲಿ ಕೂತು, ನಿಮ್ಮ ದಾಖಲೆ ನಮ್ಮ ಕೈಯಲ್ಲಿ ಕೆಟ್ಟಿತೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹಿಂದೊಮ್ಮೆ ಯಾವ ಇಂಜೆಕ್ಷನ್ನಿಗೆ ಗಂಟಲು ಊದಿ ಉಸಿರು ಕಟ್ಟಿತ್ತೆಂಬುದನ್ನು ಆಕೆ ಮೊದಲಿನಿಂದ ವಿವರಿಸಿದಳು. ವೈದ್ಯರು ಮತ್ತೆ ಬರೆದುಕೊಂಡರು. ಅದನ್ನೂ ಸೇರಿಸಿ, ಇನ್ನೊಮ್ಮೆ ಹೋಲಿಸಿದ ಮೇಲೆಯೇ ಮೇಡಂ ಹೊಸ ವಾಲ್ಯೂಮನ್ನು ಹಳೆಯದರ ಸ್ಥಾನಕ್ಕೆ ತಂದದ್ದು. ಮರುದಿನದ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು.

ಇಂಥವರೊಡನೆ ಕೆಲಸ ಮಾಡುವುದು ಸುಲಭವಲ್ಲ. ನಮ್ಮ ಅವಸರಕ್ಕೆ ಅವರು ಕಿಂಚಿತ್ತೂ ಸೊಪ್ಪು ಹಾಕುವುದಿಲ್ಲ. ಮುಗಿದ ಕೆಲಸದ ಮುಂದೆ ಪುನಃ ಕೂರುವವರನ್ನು ಲೋಕ ನಿಧಾನಸ್ಥರೆಂದು ಹಳಿಯುತ್ತದೆ. ಆದರೆ ನಮ್ಮ ಹೆಸರು, ನಮ್ಮ ನೋವು, ನಮ್ಮ ಅರಿವಿಗೇ ಬಾರದೆ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ವಲಸೆ ಹೋಗುತ್ತಿರುವ ಈ ಕಾಲದಲ್ಲಿ, ನಾವು ಇಡಿಯಾಗಿ ತಲುಪಿದೆವೇ ಎಂದು ತಲೆ ಎಣಿಸುವವರು ಇಂಥವರೇ.