ಹೇಳದೆ ಉಳಿದ ಕೊಲೆ

ಹಾಲ್ಬೇರ ಅಂಗಳದಲ್ಲಿ ಕುರಿಯ ಕರುಳು ತೊಳೆಯುತ್ತಿದ್ದಳು. ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇಯ್ದ ಕುರಿಗಳನ್ನು ಕೆಳಗಿಳಿಸಿ, ಕಿವಿಗುರುತು ನೋಡಿ ಅವರವರ ಕುರಿ ಅವರವರು ಹೊಡೆದುಕೊಂಡು ಬರುವ ಕಾಲ ಅದು. ಮಗ ಸ್ಟೈನಾರ್ ಹೊಳೆ ದಾಟಿ ಬರುವುದು ದೂರದಿಂದಲೇ ಕಂಡಿತು. ಅವನ ಮುಂದೆ ಒಂದು ಕುರಿಯೂ ಇರಲಿಲ್ಲ. ಕೈಯಲ್ಲಿ ಕೊಡಲಿಯಿತ್ತು. ಅಂಗಿ ಎದೆಯಿಂದ ಕತ್ತಿನವರೆಗೆ ಕೆಂಪಾಗಿತ್ತು.

"ಎಲ್ಲೋ ಪೆಟ್ಟಾಗಿದ್ದು?" ಎನ್ನುತ್ತ ಅವಳು ಒದ್ದೆ ಕೈಯಲ್ಲೇ ಓಡಿದಳು.

"ಈ ರಕ್ತ ನಂದಲ್ಲವ್ವ. ವೆರ್ಮುಂಡ್‌ದು."

"ಸತ್ತನಾ?"

ಅವನು ಹೌದೆಂದು ತಲೆಯಾಡಿಸಿದ. ಹಲ್ಲುಗಳು ಕಟಕಟ ಎನ್ನುತ್ತಿದ್ದವು. "ನಮ್ಮ ಬಿಳೀ ಟಗರು ತನ್ನದು ಅಂದ. ಗುರುತು ತೋರಿಸಿದೆ. 'ನಿಮ್ಮನೇಲಿ ಗಡ್ಡ ಇರೋದು ನಿಮ್ಮವ್ವಂಗೆ ಒಬ್ಬಳಿಗೇ, ಅವಳನ್ನೇ ಕಳಿಸು, ಮಾತಾಡ್ತೀನಿ' ಅಂತ ನಕ್ಕ. ಆಮೇಲೇನಾಯ್ತೋ ಗೊತ್ತಿಲ್ಲ. ಹದ್ದು ಕಾಗೆ ಮುಟ್ಟಬಾರದು ಅಂತ ಕಲ್ಲು ಹೊದಿಸಿ ಬಂದೆ."

"ಯಾರ ಮನೇಲಿ ಹೇಳಿ ಬಂದೆ?"

ಅವನು ಕೊಡಲಿ ಕೆಳಗಿಟ್ಟು ಅಂಗಳದ ಕಲ್ಲಿನ ಮೇಲೆ ಕೂತ.

ನಮ್ಮ ಕಣಿವೆಗಳಲ್ಲಿ ಒಬ್ಬನನ್ನು ಕೊಂದ ಮಾತ್ರಕ್ಕೆ ಯಾರ ಬದುಕೂ ಮುಗಿಯುವುದಿಲ್ಲ. ಕೊಂದವನು ಅದೇ ದಿನ, ಹೊತ್ತು ಮುಳುಗುವ ಮೊದಲು, ದಾರಿಯಲ್ಲಿ ಸಿಗುವ ಮೊದಲ ಮನೆಗೆ ಹೋಗಿ ತನ್ನ ಹೆಸರು ಹೇಳಿ, ಇಂಥವನನ್ನು ನಾನೇ ಕೊಂದೆ ಎನ್ನಬೇಕು. ಅದು ಸತ್ತವನ ಬಂಧುಗಳ ಮನೆಯಾಗಿದ್ದರೆ ಬಿಟ್ಟು ಮುಂದಿನ ಮನೆಗೆ ಹೋಗಬಹುದು. ತನ್ನ ಸ್ವಂತ ಮನೆಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹಾಗೆ ಹೇಳಿದರೆ ಅದು ಜಗಳದ ಸಾವು. ಹಿರಿಯರು ಕೂತು ಪರಿಹಾರ ಕೊಡಿಸುತ್ತಾರೆ, ಎರಡು ಮನೆಯವರೂ ಬದುಕಿಕೊಳ್ಳುತ್ತಾರೆ. ಹೇಳದಿದ್ದರೆ ಅದು ಕಳ್ಳಕೊಲೆ. ಅದಕ್ಕೆ ಪರಿಹಾರವೂ ಇಲ್ಲ, ರಾಜಿಯೂ ಇಲ್ಲ.

ಸ್ಟೈನಾರನ ದಾರಿಯಲ್ಲಿದ್ದದ್ದು ಎರಡೇ ಮನೆ. ಮೊದಲನೆಯದು ವೆರ್ಮುಂಡನ ಅಣ್ಣ ಥೊರೊಡ್‌ನದು. ಎರಡನೆಯದು ಸ್ನೇಬ್ಯೋರ್ನನದು.

"ಸ್ನೇಬ್ಯೋರ್ನನ ಮನೆ ಮುಂದೇನೇ ಬಂದ್ಯಲ್ಲೋ ಮಗನೇ!"

"ಬಂದೆ. ಅವನ ಮಗಳು ಅಂಗಳದಲ್ಲಿ ಉಣ್ಣೆ ತೊಳೀತಿದ್ಲು. ನನ್ನ ಮೈ ನೋಡಿಕೊಂಡೆ. ನಿಲ್ಲೋಕಾಗ್ಲಿಲ್ಲ, ಗೋಡೆ ಹಿಂದಿಂದ ಬಂದ್ಬಿಟ್ಟೆ." ಆಮೇಲೆ ಅವನೇ ಎದ್ದ. "ಈಗ ಹೋಗ್ತೀನವ್ವ. ಇನ್ನೂ ಬಿಸಿಲಿದೆ."

ಬಿಸಿಲಿತ್ತು. ಎದುರು ಗುಡ್ಡದ ಅರ್ಧಕ್ಕೆ ಹಳದಿಯಾಗಿ ನಿಂತಿತ್ತು. ಒಬ್ಬ ಹುಡುಗ ಓಡಿದರೆ ಸ್ನೇಬ್ಯೋರ್ನನ ಬಾಗಿಲಿಗೆ ಹೋಗಿ ಬರಲು ಬೇಕಾದಷ್ಟು ಹೊತ್ತಿತ್ತು.

ಹಾಲ್ಬೇರ ಅವನ ತೋಳು ಹಿಡಿದಳು. ಇಬ್ಬರು ಗಂಡುಮಕ್ಕಳನ್ನು ಸಮುದ್ರಕ್ಕೆ ಕೊಟ್ಟವಳು ಅವಳು. ಉಳಿದವನು ಇವನೊಬ್ಬ. ಥೊರೊಡ್‌ಗೆ ಸುದ್ದಿ ಮುಟ್ಟಿರುತ್ತದೆ, ದಾರಿಯಲ್ಲೇ ಕಾಯುತ್ತಿರುತ್ತಾನೆ, ಬಿಸಿ ರಕ್ತದ ಮನುಷ್ಯ ಮಾತು ಕೇಳುತ್ತಾನೆಯೇ ಎಂದೆಲ್ಲ ಅವಳಿಗೆ ತೋರಿತು. ಬೆಳಿಗ್ಗೆ ಹೇಳಿದರೆ ಸತ್ತವನು ಇನ್ನಷ್ಟು ಸಾಯುತ್ತಾನೆಯೇ ಎಂದೂ ತೋರಿತು.

"ನೆಟ್ಟಗೆ ನಿಲ್ಲೋಕಾಗ್ತಿಲ್ಲ, ಹೋಗ್ತಾನಂತೆ. ಮೊದಲು ಕೂತ್ಕೋ. ಮೈ ತೊಳೀತೀನಿ."

"ಅವ್ವಾ, ಹೊತ್ತು..."

"ಹೊತ್ತು ನಾನು ನೋಡ್ತಿರ್ತೀನಿ. ಒಂದು ಚೂರು ಒರಗು. ಎಬ್ಬಿಸ್ತೀನಿ."

ಅವನು ಅವಳ ಮಾತು ನಂಬಿ ಮಲಗಿದ. ಅವಳು ಹೊಸ್ತಿಲಲ್ಲಿ ಕೂತು ನೋಡುತ್ತಲೇ ಇದ್ದಳು. ಬಿಸಿಲು ಗುಡ್ಡದ ನೆತ್ತಿಗೆ ಏರಿತು. ಒಮ್ಮೆ ಎದ್ದು ಒಳಗೆ ಹೋದಳು, ಅವನ ಭುಜದ ಮೇಲೆ ಕೈಯಿಟ್ಟಳು. ಮೈ ಬೆಚ್ಚಗಿತ್ತು, ನಡುಕ ನಿಂತಿತ್ತು. ಕೈ ತೆಗೆದಳು. ಮತ್ತೆ ಬಂದು ಕೂತಾಗ ನೆತ್ತಿಯ ಮೇಲೆ ಬಿಸಿಲಿರಲಿಲ್ಲ.

ಬೆಳಿಗ್ಗೆ ಅವರು ಕುದುರೆಗಳ ಮೇಲೆ ಬಂದರು. ಥೊರೊಡ್, ಸ್ನೇಬ್ಯೋರ್ನ್, ಸಾಕ್ಷಿಗೆಂದು ಕಣಿವೆಯ ಇನ್ನು ಕೆಲವರು. ಥೊರೊಡ್ ಇಳಿಯಲಿಲ್ಲ. ಅವನ ಮುಖ ರಾತ್ರಿಯೆಲ್ಲ ಅತ್ತವನ ಮುಖವಾಗಿತ್ತು.

"ಕಲ್ಲು ಸರಿಸಿ ನೋಡಿದ್ವಿ," ಎಂದ. "ಯಾರ ಕೆಲಸ?"

"ನಂದು," ಎಂದ ಸ್ಟೈನಾರ್.

"ಯಾವ ಮನೇಲಿ ಹೇಳಿದೆ?"

ಹಾಲ್ಬೇರ ನಡುವೆ ನುಗ್ಗಿದಳು. "ಸ್ನೇಬ್ಯೋರ್ನಾ, ನಿನ್ನ ಮನೇಲಿ ಹೇಳಿದ್ನಲ್ಲಪ್ಪ! ಹೇಳು, ಹೇಳಿದ ಅಂತ ಒಂದು ಮಾತು ಹೇಳು!"

ಸ್ನೇಬ್ಯೋರ್ನ್ ಕುದುರೆಯ ಕುತ್ತಿಗೆ ನೋಡುತ್ತ ನಿಂತ. ಆಮೇಲೆ ತಗ್ಗಿದ ದನಿಯಲ್ಲಿ, "ಇಷ್ಟು ಜನದ ಮುಂದೆ ಕೇಳ್ತೀಯಲ್ಲ ಹಾಲ್ಬೇರಕ್ಕ," ಎಂದ. "ಕತ್ತಲಾಗೋವರೆಗೂ ನಾನು ಬಾಗಿಲಲ್ಲೇ ಇದ್ದೆ, ಅವನು ಬರಲಿಲ್ಲ. ನಿನ್ನೆ ಸಂಜೆ ನೀನೊಬ್ಬಳೇ ಬಂದು ಕೇಳಿದ್ದಿದ್ರೆ, ನಿಂಗೋಸ್ಕರ ಏನಾದ್ರೂ ಅಂದಿರ್ತಿದ್ದೆ."

"ನಾನೇ ತಡೆದದ್ದು!" ಅವಳು ಥೊರೊಡ್‌ನ ಕಾಲು ಹಿಡಿದುಕೊಂಡಳು. "ಅವನು ಹೊರಟಿದ್ದ ಕಣಪ್ಪ, ನಾನು ಮಲಗಿಸಿದೆ. ಎಬ್ಬಿಸ್ತೀನಿ ಅಂದು ಎಬ್ಬಿಸ್ಲಿಲ್ಲ. ತಪ್ಪು ನಂದು."

ಸಾಕ್ಷಿಗಳಲ್ಲೊಬ್ಬ ಮುಖ ತಿರುಗಿಸಿ, "ತೊಟ್ಟಿಲಲ್ಲಿ ಹಾಕಿ ತೂಗಿದ್ಲಂತೆ," ಎಂದ. ಯಾರೋ ಮೂಗಿನಲ್ಲೇ ನಕ್ಕರು.

ಆಗ ಸ್ಟೈನಾರ್ ಬಾಯಿಬಿಟ್ಟ. "ಅವ್ವ ಸುಳ್ಳು ಹೇಳ್ತಿದಾಳೆ. ನಂಗೇ ಭಯವಾಯ್ತು. ಬಚ್ಚಿಟ್ಟುಕೊಂಡೆ."

ಹಾಲ್ಬೇರ ತಿರುಗಿ ನೋಡಿದಳು. ತಪ್ಪನ್ನು ಅವಳ ಮೇಲೆ ಬೀಳಗೊಡದೆ, ಹೇಡಿ ಎಂಬ ಮಾತನ್ನು ಅವನೇ ಹೊತ್ತುಕೊಂಡಿದ್ದ.

ಥೊರೊಡ್ ತನ್ನ ಕಾಲನ್ನು ಮೆಲ್ಲಗೆ ಬಿಡಿಸಿಕೊಂಡ. ಅವನ ದನಿಯಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನ್ನ ತಮ್ಮನ ನಾಲಗೆ ಎಂಥದ್ದು ಅಂತ ನಂಗೊತ್ತಿಲ್ವಾ ಅಕ್ಕ? ಇವತ್ತಲ್ಲ ನಾಳೆ ಯಾರಾದ್ರೂ ಅವನನ್ನ ಹೊಡೀತಾರೆ ಅಂತ ನಮ್ಮಪ್ಪ ಸಾಯೋವಾಗ್ಲೂ ಅಂತಿದ್ದ. ಹೇಳಿದ್ದಿದ್ರೆ ರಾಜಿಗೆ ಕೂರ್ತಿದ್ದೆ. ನಿಮಗೆ ಆದಷ್ಟು ತಗೊಂಡು ಸುಮ್ಮನಾಗ್ತಿದ್ದೆ. ಈಗ ನಾನು ಬಿಡ್ತೀನಿ ಅಂದ್ರೂ ಕಾನೂನು ಬಿಡಲ್ಲ."

ಅವನು ಸಾಕ್ಷಿಗಳ ಹೆಸರು ಒಂದೊಂದಾಗಿ ಕರೆದು, ಕಳ್ಳಕೊಲೆಯ ಆರೋಪ ಹೊರಿಸಿ ಹೊರಟುಹೋದ.

ನ್ಯಾಯ ತೀರ್ಮಾನಿಸುವ ಬೇಸಿಗೆಯ ಮಹಾಸಭೆ ಸೇರುವವರೆಗೆ ಹುಡುಗನನ್ನು ಯಾರೂ ಮುಟ್ಟಲಿಲ್ಲ. ಇಡೀ ಚಳಿಗಾಲ ತಾಯಿ ಮಗ ಒಂದೇ ಒಲೆಯ ಎರಡು ಬದಿ ಕೂತರು. ಅವನು ಛಾವಣಿಗೆ ಹುಲ್ಲು ಸಮೇತ ಕಡಿದ ಹೊಸ ಮಣ್ಣುಹೆಂಟೆ ಹೊದಿಸಿದ, ಅವಳೊಬ್ಬಳಿಗೆ ವರ್ಷಗಟ್ಟಲೆ ಸಾಲುವಷ್ಟು, ಅಲೆ ತಂದು ಹಾಕಿದ ಸೌದೆಯನ್ನು ಕಡಲತೀರದಿಂದ ಹೊತ್ತು ತಂದ. ಒಂದು ದಿನವಾದರೂ ಬಯ್ಯಲಿ ಎಂದು ಅವಳು ಕಾದಳು. "ಏನಾದ್ರೂ ಅನ್ನೋ," ಎಂದು ಒಮ್ಮೆ ಕೇಳಿಯೇಬಿಟ್ಟಳು.

"ಏನನ್ನಲವ್ವ," ಎಂದು ಅವನು ಬೂಟಿನ ಹೊಲಿಗೆ ಮುಂದುವರಿಸಿದ.

ಮಹಾಸಭೆಯ ತೀರ್ಪು ತಂದವನು ಸ್ನೇಬ್ಯೋರ್ನನೇ. ಅಂಗಳದ ಆಚೆಯೇ ನಿಂತು ಹೇಳಿದ. "ಇವನಿಗೆ ಯಾರೂ ಬಾಗಿಲು ತೆರೆಯೋ ಹಾಗಿಲ್ಲ, ಯಾವ ಹಡಗೂ ಹತ್ತಿಸಿಕೊಳ್ಳೋ ಹಾಗಿಲ್ಲ. ಕಂಡಲ್ಲಿ ಕೊಂದರೆ ಕೇಳೋರಿಲ್ಲ. ನಿನಗೂ ಸೇರಿಸಿ ಹೇಳ್ತಿದೀನಿ ಅಕ್ಕ, ಒಳಗಿಟ್ಕೊಂಡ್ರೆ ನಿಂಗೂ ಅದೇ ಶಿಕ್ಷೆ. ಥೊರೊಡ್ ನನ್ನ ಹಿಂದೇನೇ ಬರ್ತಿದಾನೆ."

ಸ್ಟೈನಾರ್ ಮೊದಲೇ ಗಂಟು ಕಟ್ಟಿಟ್ಟಿದ್ದ. ಹೊರಗೆ ಬಂದು ನಿಂತ. ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಹಿಮದ ಬೆಟ್ಟ, ನಡುವೆ ಕಣಿವೆ, ಕಣಿವೆಯ ತುಂಬ ಗುರುತಿನ ಮನೆಗಳು.

"ಯಾವ ಕಡೆ ಹೋಗಲವ್ವ?" ಎಂದ. ಚಿಕ್ಕಂದಿನಲ್ಲಿ ಕೇಳುತ್ತಿದ್ದ ಹಾಗೇ ಕೇಳಿದ, ಅವಳಿಗೆ ಗೊತ್ತಿರುತ್ತದೆ ಎಂಬಂತೆ.

ಹಾಲ್ಬೇರ ನಾಲ್ಕೂ ಕಡೆ ನೋಡಿದಳು. ಕೈಯೆತ್ತಿದಳು. ತೋರಿಸಲು ಒಂದು ದಿಕ್ಕೂ ಕಾಣದೆ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅವನು ಸ್ವಲ್ಪ ಹೊತ್ತು ಕಾದ. ಕೆಳಗೆ ಕುದುರೆಗಳ ಸದ್ದು ಕೇಳಿದ ಮೇಲೆ, ಕಾಲು ಎತ್ತ ತಿರುಗಿತೋ ಅತ್ತ ನಡೆದ.