ಜೆರುಸಲೇಮಿನ ಮನೆಯಳಿಯ

ರೇಷ್ಮೆ ಹುಳಗಳು ಮೇಯುವುದನ್ನು ನಿಲ್ಲಿಸಿಬಿಟ್ಟಿವೆ, ಹಣ್ಣಾಗಿವೆ, ಅದಕ್ಕೇ ಜಗಲಿಯ ಪಂಚಾಯಿತಿ ಮಾತು ಇಷ್ಟು ಚೆನ್ನಾಗಿ ಕೇಳುತ್ತಿದೆ, ಮೊನ್ನೆಯಾಗಿದ್ದರೆ ಸೊಪ್ಪು ಕಡಿಯುವ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು — ಅವ್ವನ ಗಂಟಲು, ಬೋರಲಿಂಗ ಮಾವನ ಕೆಮ್ಮು, ಊರ ಯಜಮಾನರ ಎಲೆಅಡಿಕೆ ಡಬ್ಬಿ, ಅವನದೊಂದೇ ಸದ್ದಿಲ್ಲ, ನನ್ನ ಗಂಡ ಚೆಲುವಯ್ಯ, ಕೋಡಿಹಳ್ಳಿ ಕಡೆಯವನು, ಬಾಯಿ ಮನೆಯಲ್ಲಿಟ್ಟು ಬಂದ ಮನೆಯಳಿಯ. ಹಳದಿ ತಿರುಗಿದ ಹುಳ ಆರಿಸು, ಗೂಡು ಕಟ್ಟಲು ಬಿದಿರ ಚಂದ್ರಿಕೆಯ ಮೇಲೆ ಬಿಡು, ಇನ್ನೊಂದು ಆರಿಸು. ಕರ್ದಾಗ ಬಂದು ಒಂದ್ ಮಾತ್ ಯೋಳು ಸಾಕು ಅಂದಿದ್ದಾಳೆ ಅವ್ವ, ಈ ಮದ್ವೆ ನಂಗ್ ಒಪ್ಗೆ ಇರ್ನಿಲ್ಲ ಅಂತ, ಅಷ್ಟೇಯ, ಮಿಕ್ಕಿದ್ದು ನಾವ್ ನೋಡ್ಕತೀವಿ. ಎಂಟುನೂರು ವರ್ಷದ ಹಿಂದೆ ಇನ್ನೊಬ್ಬ ಅವ್ವ ಇನ್ನೊಬ್ಬ ಮಗಳಿಗೆ ಇದನ್ನೇ ಹೇಳಿಕೊಟ್ಟಿದ್ದಳು, ಬೆಳಿಗ್ಗೆ ತಾನೇ ರಾಮನಗರದ ಕಾಲೇಜಿನಲ್ಲಿ ಅವಳ ಪಾಠ ಮಾಡಿ ಬಸ್ಸು ಹತ್ತಿ ಬಂದೆ, ಜೆರುಸಲೇಮಿನ ರಾಣಿ ಇಸಬೆಲ್ಲಾ, ಕ್ರುಸೇಡಿನ ಕಾಲದವಳು, ಸಿಲಬಸ್ಸಿನಲ್ಲಿ ಸಲಾದೀನನಿಗೆ ಜಾಗವಿದೆ, ರಿಚರ್ಡನಿಗಿದೆ, ಅವಳಿಗಿಲ್ಲ, ನಾನೇ ಹಟಕ್ಕೆ ಬಿದ್ದು ಹೇಳಿದೆ.

ಇಸಬೆಲ್ಲಾಳಿಗೆ ಮಾತು ಬಲಿಯುವ ಮೊದಲೇ ಅಪ್ಪ ಸತ್ತ, ಎಂಟು ವರ್ಷಕ್ಕೆ ಗಂಡು ಗೊತ್ತು ಮಾಡಿ ಅವ್ವನ ಮಡಿಲಿಂದ ಕಿತ್ತು ಯಾವುದೋ ಕೋಟೆಗೆ ಕಳಿಸಿದರು, ಹನ್ನೊಂದಕ್ಕೆ ಮದುವೆ, ಒಳಗೆ ಮದುವೆಯೂಟ, ಹೊರಗೆ ಸಲಾದೀನ ಕೋಟೆಗೆ ಕಲ್ಲು ಬೀರುತ್ತಿದ್ದ, ಮದುಮಕ್ಕಳು ಮಲಗುವ ಗೋಪುರದ ಕಡೆಗೆ ಮಾತ್ರ ಬೀರಬೇಡಿ ಎಂದನಂತೆ, ಹಗೆಯವನಿಗಿದ್ದ ಕರುಣೆ ಮುಂದೆ ಹೆತ್ತವಳಿಗೇ ಇಲ್ಲದೆ ಹೋಯಿತು. ಗಂಡ ಹಂಫ್ರಿ, ಓದಿದವನು, ಮೆತ್ತನೆಯವನು. ಆಮೇಲೆ ಅಕ್ಕ ರೋಗ ಬಂದು ಸತ್ತಳು, ಅಕ್ಕನ ಮಕ್ಕಳೂ ಸತ್ತರು, ರಾಜ್ಯ ಇವಳ ಕೊರಳಿಗೆ ಬಿತ್ತು, ರಾಣಿಯ ಗಂಡನೇ ರಾಜ, ಅಂದರೆ ಮನೆಯಳಿಯ ಅಂತ ತಿಳ್ಕೊಳ್ಳಿ ಎಂದೆ, ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ, ನಾಚಿಕೆಯಿಲ್ಲದೆ. ಈ ಮೆತ್ತನೆಯವನಿಂದ ರಾಜ್ಯ ಉಳಿಯುವುದಿಲ್ಲ ಎಂದು ಗಂಡನ ಡೇರೆಯಿಂದ ಅವಳನ್ನು ಎಳೆದು ತಂದರು, ಮದುವೆಗೆ ಇವಳ ಒಪ್ಪಿಗೆಯೇ ಇರಲಿಲ್ಲ ಎಂದು ಪಾದ್ರಿಗಳ ಮುಂದೆ ಹೆತ್ತ ತಾಯಿಯೇ ಸಾಕ್ಷಿ ನುಡಿದಳು. ಅವಳು ಮೊದಲು ಒಲ್ಲೆ ಎಂದಳು, ಆಮೇಲೆ ಹ್ಞೂಂ ಎಂದಳು, ಅವರು ತೋರಿಸಿದ ಇನ್ನೊಬ್ಬನನ್ನು ಕಟ್ಟಿಕೊಂಡಳು. ಹೋಗಲಿ, ಮದುವೆಯಾದಾಗ ಅವಳು ಹನ್ನೊಂದರ ಹುಡುಗಿ, ನಾನು ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕೆಂಗಲ್ ಆಂಜನೇಯನ ಮುಂದೆ ಹಲ್ಲು ಕಿಸಿದುಕೊಂಡು ತಾಳಿ ಕಟ್ಟಿಸಿಕೊಂಡವಳು, ಅವ್ವನೇ ಪಕ್ಕದಲ್ಲಿ ನಿಂತು ಅಕ್ಷತೆ ಹಾಕಿದಳು. ಆಗ ಅಪ್ಪ ನನ್ನ ಹೆಸರಿಗೆ ಬರೆದ ಹೊಲದಲ್ಲಿ ರಾಗಿ ಇತ್ತು, ಯಾರಿಗೂ ಬೇಕಿರಲಿಲ್ಲ. ಈಗ ಹಿಪ್ಪುನೇರಳೆ, ಈಗ ಈ ಸೀಮೆಯಲ್ಲಿ ಮಾತೆತ್ತಿದರೆ ರೇಷ್ಮೆ, ಗೂಡಿನ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ, ಬೋರಲಿಂಗ ಮಾವ ಚನ್ನಪಟ್ಟಣದಲ್ಲಿ ನೂಲು ಬಿಚ್ಚುವ ಫಿಲೇಚರ್ ಹಾಕಿದ್ದಾನೆ, ಹೆಂಡತಿ ತೀರಿಕೊಂಡಿದ್ದಾಳೆ, ಅವ್ವನ ಒಬ್ಬನೇ ತಮ್ಮ, ಅವನಿಗೆ ಈಗ ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಜ್ಞಾಪಕಕ್ಕೆ ಬಂದಿದೆ. ಇಸಬೆಲ್ಲಾಳ ಎರಡನೇ ಗಂಡನ ಅಣ್ಣ ಅವಳ ಅಕ್ಕನನ್ನು ಮದುವೆಯಾಗಿದ್ದ, ಹತ್ತಿರದ ಸಂಬಂಧ, ಪಾಪ ಎಂದು ಗೊಣಗಿದರಂತೆ, ಅಲ್ಲಿ ನೆಂಟಸ್ತನ ಪಾಪ, ಇಲ್ಲಿ ನೆಂಟಸ್ತನವೇ ಹಕ್ಕು, ಹೆಣ್ಣಿಗೆ ಎರಡೂ ಒಂದೇ.

ಈಗ ಊಜಿ ನೊಣದ ಮಾತಿಗೆ ಬಂದರು, ಬರಲೇಬೇಕಿತ್ತು. ಆ ಹಾಳು ನೊಣ ಈ ಕಡೆಗೆ ಬಂದಾಗಿನಿಂದ ಹುಳದ ಮನೆಯ ಕಿಟಕಿಗೆಲ್ಲ ಬಲೆ, ಒಂದು ನೊಣ ಒಳಗೆ ಬಂದು ಹುಳದ ಮೈಮೇಲೆ ಮೊಟ್ಟೆಯಿಟ್ಟರೆ ಗೂಡೆಲ್ಲ ತೂತು, ತೂತು ಗೂಡಿನಿಂದ ನೂಲು ಬರುವುದಿಲ್ಲ. ಹೋದ ಬೆಳೆ ಪೂರ್ತಿ ತೂತಾಯಿತು, ಬಲೆ ಎತ್ತಿದವನು ಚೆಲುವಯ್ಯ, ಆಳೊಬ್ಬಳು ಕಂಡಿದ್ದಾಳೆ, ಹುಳಿನ್ ಮನೆ ನಡ್ಸಕ್ಕೆ ಬರ್ದೋನು ಹೆಣ್ಣಿನ್ ಮನೆ ಏನ್ ನಡ್ಸಾನು ಅನ್ನುತ್ತಿದ್ದಾನೆ ಮಾವ. ಎತ್ತಿದ್ದು ನನಗೋಸ್ಕರ. ಅವ್ವ ಊರಲ್ಲಿರಲಿಲ್ಲ, ನಾನು ಹೊರಗಾಗಿದ್ದೆ, ಆ ದಿನಗಳಲ್ಲಿ ಹೆಂಗಸು ಹುಳದ ಮನೆಯ ಹೊಸಿಲು ತುಳಿಯಬಾರದು, ಓದಿದವಳಿಗೆ ಎಂಥ ಮೈಲಿಗೆ ಎಂದು ನಾನೇ ಒಳಗೆ ಬಂದೆ, ಅವನೊಬ್ಬನೇ ಸೊಪ್ಪು ಹಾಕುತ್ತಿದ್ದಾನಲ್ಲ ಎಂದು, ಸೆಕೆಗೆ ಕಣ್ಣು ಕತ್ತಲೆಗಟ್ಟಿ ತಟ್ಟೆಗಳ ಮಧ್ಯೆ ಕುಸಿದೆ, ಅವನು ಗಾಬರಿಯಿಂದ ಬಲೆ ಕಿತ್ತ, ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ, ಒಸಿ ಗಾಳಿ ಕುಡ್ಕಳಮ್ಮಿ ಅಂದ. ಗಂಡ್ಸಾದ್ರೆ ಕರ್ಪೂರ ಆರ್ಸಿ ಆಣೆ ಮಾಡ್ಲಾ, ಬಲೆ ಎತ್ನಿಲ್ಲ ಅಂತ — ಮಾವನ ಗಂಟಲು. ಹಂಫ್ರಿಯನ್ನೂ ತುಂಬಿದ ಸಭೆಯಲ್ಲಿ ಒಬ್ಬ ಹೋರಾಡು ಬಾ ಎಂದು ಕರೆದ, ಹಂಫ್ರಿ ಏಳಲಿಲ್ಲ, ಹೇಡಿ ಎಂದೆ ಬೆಳಿಗ್ಗೆ, ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದೂ ಬಂದೆ. ಇವನು ಎತ್ತಿದೆ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ನನ್ನ ಮೈಲಿಗೆ ಹತ್ತು ಜನರ ಬಾಯಿಗೆ ಬೀಳುತ್ತದೆ, ಬೆಳೆ ಹಾಳಾಗಿದ್ದು ನನ್ನಿಂದ ಎಂದಾಗುತ್ತದೆ, ಅದಕ್ಕೇ ಬಾಯಿ ಹೊಲಿದುಕೊಂಡಿದ್ದಾನೆ, ಮಹಾನುಭಾವ, ನನ್ನ ಮಾನ ಉಳಿಸಲು ನನ್ನನ್ನೇ ಬಿಟ್ಟುಕೊಡುತ್ತಿದ್ದಾನೆ. ಒಂದು ಮಾತಾಡು, ಒಂದೇ ಒಂದು, ನಾನು ಓಡಿಬಂದು ಹತ್ತು ಆಡುತ್ತೇನೆ. ನೀನೇ ಮೊದಲು ಆಡಬಹುದಲ್ಲ, ಯಾರು ನಿನ್ನ ಬಾಯಿ ಕಟ್ಟಿದ್ದಾರೆ, ಕ್ಲಾಸಿನಲ್ಲಿ ಗಂಟೆಗಟ್ಟಲೆ ಆಡುತ್ತೀಯಲ್ಲ.

ಬಾ ಮಗ, ಈಚೆಗ್ ಬಾ, ಅವ್ವ ಕರೆದಳು. ಎದ್ದೆ, ಸೆರಗು ಕೊಡವಿದೆ, ಬಾಗಿಲಲ್ಲಿ ನಿಂತೆ, ಬಿಸಿಲು ಕಣ್ಣಿಗೆ ಹೊಡೆಯಿತು. ನಿಂಗ್ ಒಪ್ಗೆ ಇತ್ತೇನವ್ವ ಅಂದರು ಯಜಮಾನರು, ಮೆಲ್ಲಗೆ, ಒಳ್ಳೆಯವರ ಹಾಗೆ. ಬಲೆ ಎತ್ತಿದ್ದು ನನಗೋಸ್ಕರ ಎಂಬುದು ನಾಲಗೆಯ ತುದಿಗೇ ಬಂತು, ಅವ್ವ ನೋಡುತ್ತಿದ್ದಳು, ಅವಳಿಗೆ ಗೊತ್ತಿದೆ, ಮಾರನೆಯ ದಿನ ಊರಿಂದ ಬಂದವಳಿಗೆ ಕೊಟ್ಟಿಗೆಯಲ್ಲಿ ಒಣಗಲು ಹಾಕಿದ್ದ ನನ್ನ ಬಟ್ಟೆ, ಸೀರೆಗೆ ಅಂಟಿದ್ದ ಸೊಪ್ಪು ನೋಡಿಯೇ ಗೊತ್ತಾಗಿದೆ, ಅವಳು ಬಾಯಿ ಬಿಟ್ಟರೆ ಊರೆಲ್ಲ — ಒಪ್ಗೆ ಇರ್ನಿಲ್ಲ. ನನ್ನದೇ ದನಿ, ಹಾಜರಿ ಕೂಗುವ ದನಿ. ಆಯ್ತು, ಇಷ್ಟೇ, ಇಸಬೆಲ್ಲಾಳಿಗೂ ಇಷ್ಟೇ, ಆಮೇಲೆ ಗಂಡನ ಮೇಲೆ ಗಂಡ, ಒಬ್ಬ ಕೊಲೆಯಾದ, ಒಬ್ಬ ಕಿಟಕಿಯಿಂದ ಬಿದ್ದು ಸತ್ತ, ರಾಜ್ಯ ಮಾತ್ರ ಉಳಿಯಿತು. ಚೆಲುವಯ್ಯ ಎದ್ದ, ಟವಲು ಹೆಗಲಿಗೆ ಹಾಕಿಕೊಂಡ, ಈಗಲಾದರೂ ಬಯ್ಯಿ, ಉಗಿ, ಹತ್ತಿರ ಬಂದ, ಬಗ್ಗಿದ, ನನ್ನ ಸೆರಗಿನಿಂದ ಹೊಸಿಲಿಗೆ ಒಂದು ಹಣ್ಣುಹುಳ ಬಿದ್ದಿತ್ತು, ಅದನ್ನು ನೋವಾಗದಂತೆ ಬೆರಳಲ್ಲಿ ಎತ್ತಿ ಅಂಗೈಯಲ್ಲಿಟ್ಟು ನನ್ನ ಮುಂದೆ ಚಾಚಿದ, ತಕಳಿ ಮೇಡಮ್ಮೋರೆ, ಕಾಲಿಗ್ ಸಿಕ್ಕಾತು — ಒಂದು ದಿನವೂ ನನ್ನನ್ನು ಹಾಗೆ ಕರೆದವನಲ್ಲ. ಹುಳ ತಲೆಯೆತ್ತಿ ನೂಲು ಕಟ್ಟಲು ಒಂದು ಆಸರೆ ಹುಡುಕುತ್ತಿತ್ತು, ಯಜಮಾನರು ವೀಳ್ಯ ಹಂಚುತ್ತಿದ್ದಾರೆ, ಚಾಚಿದ ಅಂಗೈ, ಮಾವ ನಗುತ್ತಿದ್ದಾನೆ, ಕೈ ಮುಂದೆ ಬರುತ್ತಿಲ್ಲ, ನನ್ನ ಕೈ, ಸೋಮವಾರ ಕ್ಲಾಸಿನಲ್ಲಿ ಆ ಬೋರ್ಡು — ಚಾಚಿದ ಅಂಗೈ, ಹುಳ ಅತ್ತ ಇತ್ತ ತಲೆಯಾಡಿಸುತ್ತಿದೆ, ಅವ್ವ ಏನೋ ಅಂದಳು — ಚಾಚಿದ ಅಂಗೈ, ಅದರ ಮೇಲೆ ಹುಳ, ಚಾಚಿದ ಅಂಗೈ