ಅಕ್ಕ ಆಡದೆ ಬಿಟ್ಟ ಮಾತು

ಲಿಫ್ಟ್ ರಿಪೇರಿ ಮಾಡುತ್ತಿದ್ದ ತಮ್ಮನು ಕೆಲಸ ಬಿಟ್ಟು ಮೂಲೆ ಹಿಡಿದು ತಿಂಗಳುಗಳಾಗಿದ್ದವು. ಸ್ನಾನವಿಲ್ಲ, ನಿದ್ದೆಯಿಲ್ಲ, ತಟ್ಟೆ ಮುಂದಿಟ್ಟರೆ ಎರಡು ತುತ್ತಿಗೆ ಎದ್ದುಬಿಡುತ್ತಿದ್ದ. ಇಸ್ತ್ರಿ ಅಂಗಡಿ ನಡೆಸುವ ಅಕ್ಕ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಕೆಲಸದ ಚೀಲ ಕಂಡರೆ ನೋವಾದೀತೆಂದು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಳು. ಗೆಳೆಯರು ಬಂದರೆ ಬಾಗಿಲಿನಿಂದಲೇ ಸಾಗಹಾಕುತ್ತಿದ್ದಳು.

ಅವಳ ಬಾಯಿಗೆ ಬ್ರೇಕಿಲ್ಲ ಎಂದು ಗಿರಾಕಿಗಳೇ ನಗುತ್ತಿದ್ದರು. ಆಸ್ಪತ್ರೆಯಲ್ಲೂ ತಮ್ಮನ ಬದಲು ಅವಳೇ ಮಾತಾಡಿ, ನಿದ್ದೆ ಬರಲ್ಲ ಅಷ್ಟೇ ಎಂದು ಮಾತ್ರೆ ತರುತ್ತಿದ್ದಳು. ಅವನ ಜೊತೆಗಾರ ಲಿಫ್ಟಿನ ಗುಂಡಿಗೆ ಬಿದ್ದು ಸತ್ತದ್ದನ್ನು ಮಾತ್ರ ಬಾಯಿಬಿಡಲಿಲ್ಲ. ತಪ್ಪು ತಮ್ಮನ ತಲೆಗೆ ಬಂದೀತೆಂಬ ಭಯ ಅವಳಿಗೆ.

ಒಂದು ಬೆಳಿಗ್ಗೆ ಅವನು ಗೋಡೆ ನೋಡುತ್ತಲೇ, "ಅಕ್ಕಾ, ನಾನೂ ಉಳೀಬಾರದಿತ್ತು" ಎಂದ. ಅವಳು ಕೂಡಲೇ ಅಂಗಡಿ ಮುಚ್ಚಿ, ಅವನ ಕೈ ಬಿಡದೆ, ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆತಂದಳು.

ಅಲ್ಲಿನ ನರ್ಸಮ್ಮ ಅವರ ಬೀದಿಯವರೇ. ಬೇರೆ ಮಾತ್ರೆ ಕೊಟ್ಟರೆ ಸಾಕು, ಹಳೆಯದನ್ನು ಕೆದಕುವುದು ಬೇಡ ಎಂದು ಅಕ್ಕ ಗೋಗರೆದಳು. ನರ್ಸಮ್ಮ ತಮ್ಮನತ್ತ ತಿರುಗಿದರು.

"ಲಿಫ್ಟು ನಿಂತುಹೋದ್ರೆ ಮೊದಲು ಏನು ಕೇಳ್ತೀಯಪ್ಪ?"

ಅಕ್ಕ ಬಾಯಿ ತೆರೆದಳು. ನರ್ಸಮ್ಮ ಕೈ ಅಡ್ಡ ಹಿಡಿದರು. ತಮ್ಮನೇ ಹೇಳಿದ: "ಯಾವಾಗ ನಿಂತಿತು, ಅದಕ್ಕೆ ಮುಂಚೆ ಏನಾಯ್ತು ಅಂತ."

"ಇಲ್ಲೂ ಅಷ್ಟೇ. ಅದು ತಿಳೀದೆ ಕೈ ಹಾಕೋಕಾಗಲ್ಲ."

ಆಗ ಅವನು ಬಾಯಿಬಿಟ್ಟ. ನೀರು ಕುಡಿಯಲು ತಾನು ಕೆಳಗಿಳಿದಾಗ ಜೊತೆಗಾರ ಬಿದ್ದಿದ್ದ. ಕಣ್ಣು ಮುಚ್ಚಿದರೆ ಆ ಸದ್ದೇ ಕೇಳುತ್ತದೆ, ಅದಕ್ಕೇ ಮಲಗಲು ಹೆದರಿಕೆ.

ಆಮೇಲೆ ಡಾಕ್ಟರು ಬಂದು, ಎಲ್ಲವನ್ನೂ ಕೇಳಿ ಜೋಡಿಸಿ ಇಬ್ಬರಿಗೂ ಬಿಡಿಸಿ ಹೇಳಿದರು. ಕಾಯಿಲೆ ಶುರುವಾದದ್ದು ಆ ಸಾವಿನಿಂದ. ತಪ್ಪು ತನ್ನದೆಂಬ ಯೋಚನೆ ಅದನ್ನು ಬೆಳೆಸಿತು, ಮುಚ್ಚಿದ ಬಾಗಿಲು ಅದನ್ನು ಒಳಗೇ ಉಳಿಸಿತು. ಬಾಗಿಲು ಮುಚ್ಚಿದವಳು ತಾನೇ ಎಂದು ಅಕ್ಕನಿಗೆ ತಿಳಿಯಿತು. ಯಾರೂ ಅವಳನ್ನು ಬೈಯಲಿಲ್ಲ.

ಮುಂದೇನೆಂದು ತಮ್ಮನನ್ನೂ ಕೇಳಿಯೇ ನಿರ್ಧರಿಸಿದರು. ಸದ್ಯಕ್ಕೆ ಆಸ್ಪತ್ರೆಯಲ್ಲೇ ಇರುವುದು, ಮಾತ್ರೆ, ಆಮೇಲೆ ವಾರವಾರ ಮಾತಿನ ಚಿಕಿತ್ಸೆ. ಸಾಯುವ ಯೋಚನೆ ಬಂದರೆ ಯಾರಿಗೆ ಹೇಳಬೇಕೆಂಬುದನ್ನೂ ಆಗಲೇ ನಿಗದಿ ಮಾಡಿದರು. ಈ ಚಿಕಿತ್ಸೆ ಸರಿಹೋಗದಿದ್ದರೆ ಬದಲಿಸೋಣ ಎಂದರು ಡಾಕ್ಟರು. ಹುಷಾರಾದ ಮೇಲೆ ಏನು ಮಾಡಬೇಕೆಂದಿದೆ ಎಂದು ಕೇಳಿದರು.

"ನನ್ನ ಜೊತೆಗಾರನ ಹೆಂಡತಿ ಮುಖ ನೋಡಿ ಮಾತಾಡ್ಬೇಕು" ಎಂದ ತಮ್ಮ.

ಈಗ ಅವನು ಮನೆಗೆ ಬಂದಿದ್ದಾನೆ, ಇನ್ನೂ ಪೂರ್ತಿ ಗುಣವಾಗಿಲ್ಲ. ಜೊತೆಗಾರನ ಮನೆಯ ಬೀದಿ ತಿರುವಿನವರೆಗೆ ಹೋಗಿ ಹಿಂದಿರುಗುತ್ತಾನೆ. ಅಕ್ಕ ಬೀರುವಿನ ಬೀಗ ತೆಗೆದಿದ್ದಾಳೆ. ವಾರವಾರ ಆಸ್ಪತ್ರೆಗೆ ಹೋದಾಗ ಅವನ ಪಕ್ಕ ತುಟಿ ಬಿಗಿದು ಕೂರುತ್ತಾಳೆ, ಪಾಪ, ಅದು ಅವಳಿಗೆ ಸುಲಭವಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಮೂಲೆ ಹಿಡಿದವರಿದ್ದಾರೆಯೇ? ಡಾಕ್ಟರ ಮುಂದೆ ಏನನ್ನೂ ಮುಚ್ಚಿಡಬೇಡಿ. ಚಿಕಿತ್ಸೆ ಯಾಕೆ, ಹೇಗೆ ಎಂದು ಕೇಳಿ ತಿಳಿದುಕೊಳ್ಳಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಅವರ ನೋವನ್ನು ಅವರೇ ಹೇಳಲಿ, ನೀವು ಪಕ್ಕದಲ್ಲಿ ಕೂತಿರಿ.